ಪರಸಪ್ಪನಿಗೆ ಯಾರೂ ಕೈಕೊಟ್ಟಿಲ್ಲ

ಪರಸಪ್ಪ ಉಳ್ಳಾಗಡ್ಡಿಗೆ ಒಬ್ಬ ಹುಡುಗಿ ಮೋಸ ಮಾಡಿದ್ದಾಳೆಂದು ಅವನ ಹಾಡು ಕೇಳಿದ ಎಂಟು ಲಕ್ಷ ಜನ ನಂಬಿದ್ದರು. ನಂಬದೆ ಇದ್ದವಳು ಗೋಡೆಯ ಈಚೆ ಇರುವ ನಾನು. ಯಾಕೆಂದರೆ ಅವನು ಅಳುವುದನ್ನು ರೂಢಿ ಮಾಡುತ್ತಿದ್ದದ್ದು ನನ್ನ ಮಗಳು ಮಲಗುವ ಹೊತ್ತಿಗೇ. ಮಧ್ಯಾಹ್ನ ಊಟ ಮುಗಿಸಿ, ತೇಗಿ, ಅಟ್ಟದ ಮೇಲೆ ಕಾಲು ಚಾಚಿ ಕೂತು, ‘ಕೈಕೊಟ್ಟ ಹೋದಿ’ ಎಂಬಲ್ಲಿ ಗಂಟಲು ಬಿಗಿಹಿಡಿಯುವುದನ್ನು ಇಪ್ಪತ್ತು ಸಲ ಮಾಡಿ ನೋಡುತ್ತಿದ್ದ. ಇಪ್ಪತ್ತೊಂದನೆಯ ಸಲಕ್ಕೆ ಕಣ್ಣೀರು ಸರಿಯಾಗಿ ಬಂದರೆ, ‘ಏ, ಮಜ್ಜಿಗಿ ತಾ’ ಎಂದು ಹೆಂಡತಿಯನ್ನು ಕೂಗುತ್ತಿದ್ದ. ನನ್ನ ಮಗಳು ಎರಡು ವರ್ಷದವಳು. ಅಪ್ಪ, ಅಮ್ಮ, ಹಾಲು ಆದಮೇಲೆ ಅವಳು ಕಲಿತ ಮಾತು ‘ಕೈಕೊತ್ತ’. ಡಾಕ್ಟರರ ಹತ್ತಿರ ಇದನ್ನು ಹೇಳಿಕೊಂಡರೆ ನಕ್ಕರು. ಅವರಿಗೇನು, ಅವರ ಮನೆ ಬೇರೆ ಓಣಿಯಲ್ಲಿದೆ.

ಬನಹಟ್ಟಿಗೆ ನಾನು ಮದುವೆಯಾಗಿ ಬಂದು ಏಳು ವರ್ಷ. ಹುಬ್ಬಳ್ಳಿಯಲ್ಲಿ ಓದಿದವಳಿಗೆ ಮೊದಮೊದಲು ಮಗ್ಗದ ಸದ್ದಿಗೇ ತಲೆ ಸಿಡಿಯುತ್ತಿತ್ತು. ಈಗ ಆ ಸದ್ದು ನಿಂತರೆ ಗಾಬರಿಯಾಗುತ್ತದೆ. ಪರಸಪ್ಪನ ಮನೆಯಲ್ಲಿ ಎರಡು ಪವರ್‌ಲೂಮ್. ಎರಡನ್ನೂ ನಡೆಸುವವಳು ಅವನ ಹೆಂಡತಿ ಸಾವಕ್ಕ. ಹರಿದ ಎಳೆ ಕಟ್ಟುವುದು, ನೂಲು ಸುತ್ತಿದ ಕಂಡಿಕೆ ಬದಲಿಸುವುದು, ನಡುವೆ ಓಡಿಹೋಗಿ ರೊಟ್ಟಿ ಬಡಿಯುವುದು, ಎಲ್ಲ ಅವಳದೇ. ಭಗ್ನಪ್ರೇಮಿಯ ಹೃದಯ ಒಡೆಯಬೇಕೆಂದರೆ ಮನೆಯಲ್ಲಿ ಯಾರಾದರೂ ದುಡಿಯಬೇಕಲ್ಲ.

ಅವನ ಪ್ರೇಮದ ಚರಿತ್ರೆ ಇಷ್ಟೇ. ಪಿಯುಸಿಯಲ್ಲಿ ಎರಡು ಸಲ ಫೇಲಾದ, ಮಗ್ಗಕ್ಕೆ ಕೂತ, ಇಪ್ಪತ್ತೆರಡಕ್ಕೆ ಸೋದರಮಾವನ ಮಗಳು ಸಾವಕ್ಕನನ್ನು ಕಟ್ಟಿಕೊಂಡ. ಅವಳು ಮೂಗು ಸೋರಿಸಿಕೊಂಡು ಓಡಾಡುವಾಗಿನಿಂದ ನೋಡಿದವನು. ನಿಶ್ಚಯದ ದಿನ ಅವನು ಕೇಳಿದ ಒಂದೇ ಪ್ರಶ್ನೆ, ‘ಕಂಡಕಿ ಸುತ್ತಾಕ ಬರ್ತದೇನ?’ ಎಂದು. ಇದನ್ನು ನನಗೆ ಹೇಳಿದವಳು ಸಾವಕ್ಕನೇ, ಸೆರಗಿನಲ್ಲಿ ನಗು ಒರೆಸಿಕೊಳ್ಳುತ್ತ. ಹದಿಮೂರು ವರ್ಷದಲ್ಲಿ ಅವನನ್ನು ಬಿಟ್ಟುಹೋದದ್ದು ಯಾವುದಾದರೂ ಇದ್ದರೆ ಅದು ತಲೆಯ ಮೇಲಿನ ಕೂದಲು.

ಹಾಡು ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಲಕ್ಕಪ್ಪ ಹರದೇಶಿಯವನು. ನಮ್ಮ ಕಡೆ ಗೀಗೀ ಪದದಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚೆಂದು. ಇವರು ಸವಾಲು ಹಾಕಿದರೆ ಅವರು ಜವಾಬು ಕೊಡಬೇಕು. ಕೊನೆಗೆ ಇಬ್ಬರೂ ಕೂಡಿ ಶಿವನಿಲ್ಲದೆ ಶಕ್ತಿಯಿಲ್ಲ, ಶಕ್ತಿಯಿಲ್ಲದೆ ಶಿವನಿಲ್ಲ ಎಂದು ಮಂಗಳ ಹಾಡಿ, ಒಂದೇ ಪಂಕ್ತಿಯಲ್ಲಿ ಉಂಡು ಎದ್ದುಹೋಗಬೇಕು. ಲಕ್ಕಪ್ಪ ಮೂವತ್ತು ವರ್ಷ ಗಂಡು ಹೆಚ್ಚೆಂದು ಹಾಡಿದ. ಆಮೇಲೆ ಕ್ಯಾಸೆಟ್ಟು ಬಂತು. ಅದರಲ್ಲಿ ಹೆಂಡತಿಯರು ಬಳೆ ಬೇಕು, ಕಾಲುಂಗುರ ಬೇಕು ಎಂದು ಮುನಿಯುತ್ತಿದ್ದರು, ಗಂಡ ಸಂತೆಯಿಂದ ತಂದು ರಮಿಸುತ್ತಿದ್ದ. ನಾನು ಶಾಲೆಗೆ ಹೋಗುವಾಗ ಬಸ್ಸಿನಲ್ಲೆಲ್ಲ ಅದೇ. ಆಗ ಅದನ್ನು ಹೀಗಳೆದಿದ್ದೆ. ಈಗ ಅನಿಸುತ್ತದೆ, ಬಳೆಯನ್ನಾದರೂ ತರುತ್ತಿದ್ದನಲ್ಲ ಪುಣ್ಯಾತ್ಮ. ಪರಸಪ್ಪನ ಹಾಡುಗಳಲ್ಲಿ ಹೆಂಡತಿ ಎಂಬುವಳೇ ಇಲ್ಲ. ಬಿಟ್ಟುಹೋದವಳು ಒಬ್ಬಳಿದ್ದಾಳೆ. ಅವಳು ಬೇರೆ ಯಾರದೋ ಹೆಂಡತಿಯಾಗಿ ಸುಖವಾಗಿದ್ದಾಳೆ, ಅದೇ ಅವಳ ಅಪರಾಧ. ಇವನು ಕುಡಿಯುತ್ತ ಸಾಯುತ್ತಾನೆ. ನಿಜವಾದ ಪರಸಪ್ಪ ಆಸಿಡಿಟಿಯ ಮನುಷ್ಯ, ಚಹಾ ಕುಡಿದರೂ ಎದೆ ಹಿಡಿದುಕೊಳ್ಳುತ್ತಾನೆ.

ಈ ಹಾಡುಗಳಿಗೆ ಒಂದು ಕಟ್ಟಳೆ ಇದೆ. ಕೊನೆಯ ನುಡಿಯಲ್ಲಿ ಬರೆದವನ ಹೆಸರು, ಊರು ಬರಬೇಕು. ಇದು ಲಕ್ಕಪ್ಪನ ಕಾಲದಿಂದ ಇದ್ದದ್ದು. ಹೊಸಬರು ಇದಕ್ಕೊಂದು ಬಾಲ ಸೇರಿಸಿದ್ದಾರೆ. ಮೋಸ ಮಾಡಿದವಳ ಊರೂ ಬರಬೇಕು, ಮನೆಯ ಗುರುತೂ ಬರಬೇಕು.

‘ಯಾಕೆ ಬೇಕದು?’ ಎಂದು ಒಮ್ಮೆ ಕೇಳಿದ್ದೆ.

‘ಅಡ್ರೆಸ್ ಇಲ್ಲದ ಹಾಡ ಯಾರ ಕೇಳ್ತಾರ್ರಿ ಅಕ್ಕಾರ’ ಎಂದ ಪರಸಪ್ಪ, ದಡ್ಡಿಗೆ ತಿಳಿಹೇಳುವಂತೆ. ‘ಮಂದಿಗೆ ಖರೇ ಅನಸಬೇಕಲ್ಲ.’

‘ಖರೇ ಇರೋದಿಲ್ಲವಲ್ಲ.’

‘ಅದಕ್ಕ ಅಡ್ರೆಸ್ ಬೇಕಾಗೂದು.’

ಹನ್ನೊಂದು ಹಾಡಿಗೆ ಅವನು ಕಂಡಕಂಡ ಊರು ಹಾಕಿದ, ಏನೂ ಆಗಲಿಲ್ಲ, ಯಾರೂ ಕೇಳಲಿಲ್ಲ. ಹನ್ನೆರಡನೆಯದಕ್ಕೆ ತಾಳಕ್ಕೆ ಕೂಡುವ ಊರು ಸಿಗದೆ ನಾಲ್ಕು ದಿನ ಅಟ್ಟದ ಮೇಲೆ ಒದ್ದಾಡಿದ. ಐದನೆಯ ದಿನ ಸಿಕ್ಕಿತು.

‘ಕೆಂಚನಾಳ ಮಾಸ್ತರನ ಮಗಳ, ಕೈಕೊಟ್ಟ ಹೋದಿ ಹಗಲ್ಹಗಲ,
ಎರಡ ಬೇವಿನ ಗಿಡದ ನೆರಳ, ಸಾಕ್ಷಿ ಐತಿ ನೋಡ ಮರುಳ.’

ಮುಂದಿನ ನುಡಿಯಲ್ಲಿ ಅವಳು ಸರಕಾರಿ ನೌಕರಿಯವನ ಬೆನ್ನು ಹತ್ತುತ್ತಾಳೆ. ಕೊನೆಯಲ್ಲಿ ‘ಬನಹಟ್ಟಿ ಪರಸುನ ಸಾಹಿತ್ಯ ಕೇಳ, ಹರದ ಎದಿಯಿಂದ ಬಂದೈತಿ ಗೋಳ’.

ಕೆಂಚನಾಳ ಸಾವಕ್ಕನ ತವರು. ಎರಡು ಬೇವಿನ ಗಿಡ ಇರುವುದು ಅವಳ ಅಪ್ಪ, ನಿವೃತ್ತ ಮಾಸ್ತರರ ಮನೆಯ ಮುಂದೆ. ಆ ಊರಿನಲ್ಲಿ ಪರಸಪ್ಪನಿಗೆ ಗೊತ್ತಿರುವ ಮನೆ ಅದೊಂದೇ. ಹಬ್ಬಕ್ಕೆ ಹೋಳಿಗೆ ಉಂಡು ಅದೇ ಗಿಡದ ನೆರಳಲ್ಲಿ ಮಲಗಿ ಬಂದವನು, ಅದನ್ನೇ ಬರೆದ. ಮಾಸ್ತರರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಇವನಿಗಾಗಿ ಮಗ್ಗ ನಡೆಸುತ್ತಿದ್ದಾಳೆ. ಉಳಿದವಳು ಸುರೇಖಾ. ಇಪ್ಪತ್ಮೂರು ವರ್ಷ, ಬಿ.ಎಡ್. ಮುಗಿಸಿದವಳು. ಮುಧೋಳದ ಕಡೆಯ ಕರೆಂಟಿನ ಲೈನ್‌ಮನ್ ಒಬ್ಬನೊಂದಿಗೆ ಅವಳ ನಿಶ್ಚಯವಾಗಿ ಆಗಷ್ಟೇ ತಿಂಗಳಾಗಿತ್ತು. ಸರಕಾರಿ ನೌಕರಿ.

ಹಾಡು ಕಬ್ಬಿನ ಸುಗ್ಗಿಯ ಮುಂಚೆ ಅವನ ವಿಡಿಯೋ ಚಾನೆಲಿನಲ್ಲಿ ಹೊರಬಿತ್ತು. ಸುಗ್ಗಿ ಶುರುವಾದಮೇಲೆ ಅದು ಪ್ರತಿ ಟ್ರ್ಯಾಕ್ಟರಿನ ಡಿಜೆ ಪೆಟ್ಟಿಗೆಯಲ್ಲೂ ಸೇರಿ ಜಿಲ್ಲೆಯೆಲ್ಲ ತಿರುಗಿತು. ನಮ್ಮ ಮನೆಯ ಕಿಟಕಿಯ ಗಾಜು ಅದಕ್ಕೆ ನಡುಗುತ್ತಿತ್ತು. ಮಗುವಿನ ಕಿವಿಗೆ ಏನಾದೀತೋ ಎಂದು ನಾನು ಅವಳ ತಲೆಗೆ ಸೆರಗು ಸುತ್ತುತ್ತಿದ್ದೆ. ಪರಸಪ್ಪ ಬಾಗಿಲಲ್ಲಿ ನಿಂತು ಟ್ರ್ಯಾಕ್ಟರುಗಳಿಗೆ ಕೈಮುಗಿಯುತ್ತಿದ್ದ. ಸಾವಕ್ಕ ಒಮ್ಮೆ ಕೇಳಿದಳಂತೆ, ‘ನಮ್ಮ ಅಪ್ಪನ ಮನಿ ಯಾಕ ಹಾಕೀರಿ?’ ಎಂದು. ‘ಮಂದಿ ನಿನ್ನ ಮ್ಯಾಲೇ ಬರದಾನಂತ ತಿಳ್ಕೋತಾರ, ಹೆಮ್ಮಿ ಪಡು’ ಎಂದನಂತೆ. ಕಟ್ಟಿಕೊಂಡ ಹೆಂಡತಿ ಕೈಕೊಟ್ಟು ಹೋಗುವುದು ಹೇಗೆ ಎಂದು ಅವನೂ ಯೋಚಿಸಲಿಲ್ಲ, ಅವಳಿಗೂ ಯೋಚಿಸಲು ಹೊತ್ತಿರಲಿಲ್ಲ. ಯೋಚಿಸಿದವನು ಆ ಲೈನ್‌ಮನ್ ಹುಡುಗನ ಸೋದರಮಾವ ಭೀಮಶಿ. ಹಾಡಿನ ಮಾತುಗಳನ್ನು ಕಿವಿಯಿಟ್ಟು ಕೇಳಿದ ಒಬ್ಬನೇ ಒಬ್ಬ ಮನುಷ್ಯ ಇಡೀ ಜಿಲ್ಲೆಯಲ್ಲಿ ಅವನಾಗಿದ್ದ.

ಒಂದು ಭಾನುವಾರ ಮುಂಜಾನೆ ಸಾವಕ್ಕ ನನ್ನ ಮನೆಯ ನಾಲ್ಕು ಕುರ್ಚಿ ಕೇಳಲು ಬಂದಳು. ಮುಖದಲ್ಲಿ ನೆತ್ತರಿರಲಿಲ್ಲ. ‘ಅಕ್ಕಾರ, ಗಂಡಿನ ಕಡೆಯವರು ಬರಾಕತ್ತಾರ, ನೀವೂ ಬರ್ರಿ. ಇವರ ಬಾಯಿಂದ ಏನ ಬರ್ತೈತೋ ಗೊತ್ತಿಲ್ಲ. ಹುಡುಗಿ ಲಗ್ನ ಮುರದ್ರ ನಮ್ಮಪ್ಪ ಎದಿ ಒಡಕೊಂಡ ಸಾಯ್ತಾನ.’

ಹೋದೆ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಬಿಸಿ ಚಹಾದ ತಟ್ಟೆಯಿಂದ ದೂರ, ಬಾಗಿಲ ಬಳಿ ನಿಂತೆ. ಪಡಸಾಲೆಯಲ್ಲಿ ಭೀಮಶಿ, ಅವನ ಪಕ್ಕ ಲೈನ್‌ಮನ್ ಅಡಿವೆಪ್ಪ. ಎದುರಿಗೆ ಮಾಸ್ತರರು, ಬಸ್ಸಿನಲ್ಲಿ ಬಂದವರು, ಟೋಪಿ ಮೊಣಕಾಲ ಮೇಲೆ. ಮೂಲೆಯ ಹೊರಸಿನ ಮೇಲೆ ಮುದುಕ ಲಕ್ಕಪ್ಪ. ಒಳಗಿನ ಬಾಗಿಲಲ್ಲಿ ಸುರೇಖಾ. ಪರಸಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಸನ್ಮಾನಕ್ಕೆ ಕರೆದಿದ್ದಾರೇನೋ ಎಂಬಂತೆ.

‘ಜಗಳಾಡಾಕ ಬಂದಿಲ್ರಿ, ಕೇಳಾಕ ಬಂದೀವಿ’ ಎಂದ ಭೀಮಶಿ. ‘ಹಾಡಿನ್ಯಾಗ ಊರ ಐತಿ, ಮನಿ ಐತಿ, ಗಿಡ ಸುದ್ದಾ ಐತಿ. ಪಿನ್ ಕೋಡ್ ಒಂದ ಬಾಕಿ.’

‘ಅದು ಕಲ್ಪನಾರಿ, ಮಾವಾರ.’

‘ಗಿಡ ಕಲ್ಪನಾ ಏನು?’

‘ಗಿಡ ಖರೇರಿ.’

‘ಮಾಸ್ತರು?’

‘ಮಾಸ್ತರೂ ಖರೇ. ಇಲ್ಲೇ ಕುಂತಾರಲ್ರಿ.’

‘ಅಂದ್ರ ಕೈಕೊಟ್ಟದ್ದಷ್ಟ ಸುಳ್ಳ?’

ಪರಸಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. ‘ಹೌದು’ ಎಂಬ ಎರಡಕ್ಷರ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾದಿನಿಯ ಬದುಕು ಆ ಎರಡಕ್ಷರದಲ್ಲಿತ್ತು. ಇವನೋ, ಎಂಟು ಲಕ್ಷ ಜನರ ಮುಂದೆ ಹರಿದ ಎದೆ ತೋರಿಸಿದವನು, ಅದಕ್ಕೆ ಹೊಲಿಗೆ ಹಾಕಿಕೊಳ್ಳಲು ನಾಚಿದ.

‘ಕಲಾವಿದನ ಎದ್ಯಾಗ ಒಂದ ನೋವಿರ್ತೈತಿ’ ಎಂದು ಶುರುಮಾಡಿದ.

‘ಯಾರ ಕೊಟ್ಟ ನೋವ ಅಂತನ ಕೇಳಾಕತ್ತೀನಿ’ ಎಂದ ಭೀಮಶಿ. ‘ನಿಮ್ಮ ಚಾನೆಲಿನ್ಯಾಗ ಬಂದು, ಇದು ಸುಳ್ಳು, ಕೆಂಚನಾಳದ ಹುಡುಗಿಗೂ ನನಗೂ ಸಂಬಂಧಿಲ್ಲಂತ ಹೇಳಿಬಿಡ್ರಿ.’

‘ಹಂಗ ಹೆಂಗ ಹೇಳೂದ್ರಿ, ಅಭಿಮಾನಿಗಳಿರ್ತಾರ. ಬೇಕಾರ ಹಾಡ ತಗದಬಿಡ್ತೀನಿ.’

‘ಟ್ರ್ಯಾಕ್ಟರಿನ ಪೆನ್‌ಡ್ರೈವಿನಾಗಿಂದ ಹೆಂಗ ತಗೀತಿ, ಪರ್ಸ್ಯಾ?’ ಮೂಲೆಯಿಂದ ಲಕ್ಕಪ್ಪ ಕೇಳಿದ. ‘ನಾವೂ ಹೆಣ್ಣಿಗೆ ಬೈದೀವಿ. ಮಾರಿ ಮ್ಯಾಲ ಬೈದೀವಿ. ಆದ್ರ ಎದುರಿಗೆ ನಾಗೇಶಿ ನಿಂತಿರ್ತಿತ್ತು. ಒಂದ ಬೈದ್ರ ನಾಕ ತಿರುಗಿ ಬೀಳತಿದ್ದು. ಜವಾಬ ಕೇಳದ ಯಾರೂ ಮನಿಗೆ ಹೋಗತಿರಲಿಲ್ಲ. ನೀ ಗೂಡಿನ್ಯಾಗ ಕುಂತು ಬೈದು, ಗುಂಡಿ ಒತ್ತಿ ಬಂದಿ.’

ಮುದುಕನ ಮಾತು ಚೆನ್ನಾಗಿತ್ತು. ಅವನನ್ನು ಮೆಚ್ಚಿಬಿಡುತ್ತಿದ್ದೆ, ಅವನ ಹೆಂಡತಿ ಬದುಕಿದ್ದಾಗ ಒಮ್ಮೆಯೂ ಆ ಜವಾಬು ಕೇಳಲು ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ ಎಂದು ಸಾವಕ್ಕ ಹೇಳಿರದಿದ್ದರೆ.

ಆಗಲೇ ಒಂದು ಫೋನು ರಿಂಗಾಯಿತು. ‘ಕೆಂಚನಾಳ ಮಾಸ್ತರನ ಮಗಳ’ ಎಂದು ಪರಸಪ್ಪನ ಗಂಟಲು ಪಡಸಾಲೆಯ ತುಂಬ ಅತ್ತಿತು. ಎಲ್ಲರೂ ಪರಸಪ್ಪನನ್ನು ನೋಡಿದರು. ಅವನು ತನ್ನ ಖಾಲಿ ಕೈ ತೋರಿಸಿದ. ಅಡಿವೆಪ್ಪ ಕಿಸೆಗೆ ಕೈಹಾಕಿ ತಡಕಾಡುತ್ತಿದ್ದ. ಹಾಡು ‘ಹಗಲ್ಹಗಲ’ದವರೆಗೂ ಹೋಗಿ ನಿಂತಿತು.

ಭೀಮಶಿ ಕೂಡ ತಲೆ ತಗ್ಗಿಸಿದ. ಸುರೇಖಾ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು. ಅವಳ ದನಿ ಏರಲಿಲ್ಲ.

‘ಯಾವಾಗ ಹಾಕೊಂಡೀರಿ ಅದನ್ನ?’

‘ಎರಡ ತಿಂಗಳಾತು.’

‘ಅಂದ್ರ ಹಬ್ಬಕ್ಕ ನಮ್ಮ ಮನಿಗೆ ಬಂದಾಗೂ ಇತ್ತು.’

‘ಇತ್ತು.’

‘ಬೇವಿನ ಗಿಡದ ನೆಳ್ಳಾಗ ಗಾಡಿ ಹಚ್ಚಿದ್ರಿ ಆವತ್ತ.’

‘ಮ್ಯೂಸಿಕ್ ಚಲೋ ಐತಂತ ಹಾಕೊಂಡಿದ್ನಿ’ ಎಂದ ಅಡಿವೆಪ್ಪ. ‘ಮಾತ ಏನದಾವಂತ ನೋಡಿರಲಿಲ್ಲ.’

ಸುರೇಖಾ ಅಷ್ಟೇ ಕೇಳಿ ಒಳಗೆ ಹೋದಳು. ಅವಳು ಹೋದ ಬಾಗಿಲಿನಿಂದಲೇ ಸಾವಕ್ಕ ಬಂದಳು. ಮಗ್ಗ ನಿಂತದ್ದು ನನಗೆ ಅವಳನ್ನು ನೋಡಿದ ಮೇಲೆಯೇ ತಿಳಿಯಿತು. ಕೈಯಲ್ಲಿ ಇನ್ನೂ ನೂಲಿನ ಚೂರು ಅಂಟಿತ್ತು.

‘ಮಾವಾರ, ಇವರು ಹೇಳೂದಿಲ್ಲ, ನಾ ಹೇಳ್ತೀನಿ’ ಎಂದಳು ಭೀಮಶಿಗೆ. ‘ಇವರಿಗೆ ಯಾರೂ ಕೈಕೊಟ್ಟಿಲ್ಲ. ಹದಿಮೂರ ವರ್ಷ ಆತು, ಇವರನ್ನ ಬಿಟ್ಟಹೋಗೂವಷ್ಟ ಪುರುಸೊತ್ತ ನನಗೂ ಸಿಕ್ಕಿಲ್ಲ.’ ಆಮೇಲೆ ಗಂಡನ ಕಡೆ ತಿರುಗಿದಳು. ‘ಏಳ್ರಿ. ಅಂಗಳಕ್ಕ ಬರ್ರಿ. ನಾ ಸವಾಲ ಹಾಕ್ತೀನಿ, ನೀವು ಜವಾಬ ಕೊಡ್ರಿ. ಅದನ್ನ ನಿಮ್ಮ ಚಾನೆಲಿಗೆ ಹಾಕ್ರಿ. ಇಲ್ಲಂದ್ರ ನಾಳೆಯಿಂದ ಮಗ್ಗ ನೀವ ನಡಸ್ರಿ.’

‘ನಿನಗ ಹಾಡಾಕ ಎಲ್ಲಿ ಬರ್ತೈತಿ?’

‘ಹದಿಮೂರ ವರ್ಷ ನಿಮ್ಮ ಗೋಳ ಕೇಳೀನಿ. ಅಷ್ಟರ ಬರ್ತೈತಿ.’

ಮಗ್ಗದ ಮಾತು ಬಂದಮೇಲೆ ಪರಸಪ್ಪ ಎದ್ದ. ಕಲೆಗೆ ಅಲ್ಲ, ನಾದಿನಿಗೆ ಅಲ್ಲ, ಕಂಡಿಕೆ ಸುತ್ತುವ ಭಯಕ್ಕೆ ಎದ್ದ. ಲಕ್ಕಪ್ಪ ಗೂಟದ ಮೇಲಿನ ದಪ್ಪು ಇಳಿಸಿ, ಚರ್ಮದ ಮೇಲಿನ ಧೂಳು ಹೊಡೆದು, ಬಿಸಿಲಿಗೆ ಹಿಡಿದು ಕಾಯಿಸಿದ. ಮಗುವನ್ನು ಸುರೇಖಾಳ ಕೈಗೆ ಕೊಟ್ಟು, ವಿಡಿಯೋ ತೆಗೆಯಲು ಪರಸಪ್ಪನ ಫೋನು ಹಿಡಿದು ನಾನು ನಿಂತೆ. ಅತ್ತ ಮಗು ಸುರೇಖಾಳ ಕಿವಿಯೋಲೆ ಬಾಯಿಗೆ ಹಾಕಿಕೊಳ್ಳುತ್ತದೇನೋ ಎಂದು ಒಂದು ಕಣ್ಣು ಅಲ್ಲೇ.

ಸಾವಕ್ಕನ ದನಿ ಒರಟು. ಮಗ್ಗದ ಸದ್ದಿನ ಮೇಲೆ ಮಾತಾಡಿ ಬೆಳೆದ ದನಿ. ಮೊದಲೆರಡು ಸಾಲು ತಾಳ ತಪ್ಪಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಮುಖಕ್ಕೇ ಹಾಡಿದಳು.

‘ಬಿಟ್ಟಾಕಿ ಯಾರಂತ ಹೆಸರ ಹೇಳೊ, ಬಿಸಿರೊಟ್ಟಿ ಬಡದಾಕಿ ಯಾರ ಹೇಳೊ,
ಮಂದಿ ಮಗಳಿಗೆ ಮಸಿ ಬಳದಿ, ತೊಳಿಯಾಕ ನೀರ ಎಲ್ಲಿ ತರತಿ ಹೇಳೊ.’

ಜೀ ಜೀ ಎಂದು ದನಿಗೂಡಿಸಿದವನು ಲಕ್ಕಪ್ಪ. ಮೂವತ್ತು ವರ್ಷ ಹರದೇಶಿ ಹಾಡಿದವನು ಎಪ್ಪತ್ತೆರಡಕ್ಕೆ ನಾಗೇಶಿಯ ಹಿಂಬದಿ ನಿಂತ. ಅಟ್ಟದ ಮೇಲೆ ಇಪ್ಪತ್ತು ಸಲ ಅಳಲು ಬರುತ್ತಿದ್ದ ಪರಸಪ್ಪನಿಗೆ ಇಲ್ಲಿ ಒಂದು ಸಾಲು ಬರಲಿಲ್ಲ. ದಪ್ಪಿನ ಮೂರು ಸುತ್ತು ಮುಗಿದಮೇಲೆ, ನೆಲ ನೋಡುತ್ತ, ಗೊಗ್ಗರು ದನಿಯಲ್ಲಿ ಹೇಳಿದ.

‘ಬಿಟ್ಟಾಕಿ ಇಲ್ಲ, ಕೊಟ್ಟಾಕಿ ಇಲ್ಲ, ಕಟ್ಟಿಕೊಂಡಾಕಿ ಎದುರಿಗದಾಳ,
ಕೆಂಚನಾಳದ ಹುಡುಗಿ ತಂಗಿ ಸಮಾನ, ಬರದಾವ ಪರಸು ಹೇಳಿದ್ದ ಸುಳ್ಳ.’

ಕೈಕೊಟ್ಟ ಹಾಡನ್ನು ಕೇಳಿದ್ದು ಎಂಟು ಲಕ್ಷ. ಇದನ್ನು ಮೊದಲ ವಾರ ಕೇಳಿದ್ದು ಒಂಬೈನೂರ ಹನ್ನೆರಡು ಮಂದಿ. ಕೆಳಗೆ ಯಾರೋ ಬರೆದಿದ್ದರು, ‘ಅಣ್ಣಾ ನೀ ಹೆಂಡತಿ ಗುಲಾಮ ಆದಿ, ಇನ್ನ ನಿನ್ನ ಹಾಡ ಕೇಳಂಗಿಲ್ಲ.’ ಹಾಡಿನ ಗಂಡಸಿಗೆ ಹೆಂಡತಿ ಇರಬಾರದು, ಇದ್ದರೆ ಮಾರ್ಕೆಟ್ಟು ಬೀಳುತ್ತದೆ. ಇದು ನಮ್ಮ ರಸಿಕರ ಯೋಗ್ಯತೆ.

ಆದರೆ ಆ ಒಂಬೈನೂರರಲ್ಲಿ ಭೀಮಶಿ ಇದ್ದ. ಹತ್ತನೆಯ ದಿನ ಸಾವಕ್ಕನಿಗೆ ಫೋನು ಮಾಡಿ, ‘ಸಮಾಧಾನ ಆತವ್ವ. ತಾರೀಕ ಹಿಡೀರಿ’ ಎಂದ. ಮಾಸ್ತರರೂ ಸುರೇಖಾಳೂ ಆವತ್ತು ಇಲ್ಲೇ ಇದ್ದರು. ಮಾಸ್ತರರು ಕಣ್ಣೊರೆಸಿಕೊಂಡರು. ಸುರೇಖಾ ಅಕ್ಕನ ಕೈಯಿಂದ ಫೋನು ತೆಗೆದುಕೊಂಡಳು.

‘ಮಾವಾರ, ನಿಮ್ಮ ಅನುಮಾನ ಹೋತು, ಚಲೋ ಆತು. ನಂದು ಆವತ್ತ ಶುರು ಆತು. ನನಗ ಬೈದ ಹಾಡ ಎರಡ ತಿಂಗಳ ಕಿಸೆದಾಗ ಇಟಗೊಂಡ ಅಡ್ಡಾಡಿದಾವ್ರು, ಅದರಾಗ ಏನೈತಂತ ಕೇಳಿಸ್ಕೊಂಡಿಲ್ಲ. ನಾಳೆ ನಾ ಮಾತಾಡಿದ್ದ ಏನ ಕೇಳಿಸ್ಕೋತಾರ. ಈ ಲಗ್ನ ಬ್ಯಾಡ್ರಿ.’

ಮಾಸ್ತರರು ಟೋಪಿಯನ್ನು ಎರಡು ಸಲ ತಿರುವಿ, ‘ಹೇಳಿದಿಯಲ್ಲ, ಇನ್ನ ಫೋನ ಇಡವ್ವ’ ಎಂದರು.

ಕತೆಗಳಲ್ಲಾದರೆ ಇಲ್ಲಿ ಚಪ್ಪಾಳೆ. ನಾನೋ, ಕೆಂಚನಾಳದಂಥ ಊರಲ್ಲಿ ಮುರಿದ ನಿಶ್ಚಯ ಎಂದರೇನು, ಮುಂದೆ ಯಾರು ಬರುತ್ತಾರೆ, ಒಂದು ರಿಂಗ್‌ಟೋನಿಗೆ ಹೀಗೆ ಮಾಡಬಹುದೇ ಎಂದು ಎರಡು ದಿನ ನನ್ನ ಗಂಡನ ತಲೆ ತಿಂದೆ. ಅವಳ ಜಾಗದಲ್ಲಿ ನಾನಿದ್ದರೆ ರಿಂಗ್‌ಟೋನ್ ಬದಲಿಸಲು ಹೇಳಿ ಮದುವೆಯಾಗುತ್ತಿದ್ದೆ. ಸುರೇಖಾ ಮಾತ್ರ ತೇರದಾಳದ ಶಾಲೆಯೊಂದಕ್ಕೆ ಅತಿಥಿ ಶಿಕ್ಷಕಿಯಾಗಿ ಸೇರಿ, ಅಕ್ಕನ ಮನೆಯಿಂದಲೇ ಬಸ್ಸಿಗೆ ಹೋಗತೊಡಗಿದಳು.

ತಿಂಗಳ ಮೇಲೆ ಒಂದು ಮಧ್ಯಾಹ್ನ, ಅವಳು ಶಾಲೆಯಲ್ಲಿರುವಾಗ, ಅಡಿವೆಪ್ಪ ಬೈಕಿನಲ್ಲಿ ಬಂದ. ಒಬ್ಬನೇ. ನಾನು ಕಟ್ಟೆಯ ಮೇಲೆ ಮಗುವಿಗೆ ಅನ್ನ ಉಣಿಸುತ್ತಿದ್ದೆ. ಕ್ಷಮೆ ಕೇಳಲು ಬಂದನೆಂದುಕೊಂಡು ಒಳ್ಳೆಯ ಹುಡುಗನೇ ಇರಬೇಕು ಎಂದುಕೊಂಡೆ. ಅವನು ಕಟ್ಟೆಯ ಆ ತುದಿಯಲ್ಲಿ ಪರಸಪ್ಪನ ಪಕ್ಕ ಕೂತ.

‘ಅಣ್ಣಾರ, ಒಂದ ಹಾಡ ಮಾಡಿಕೊಡ್ರಿ.’

‘ಯಾರ ಮ್ಯಾಲ?’

‘ಆಕಿ ಮ್ಯಾಲ. ನನಗ ಕೈಕೊಟ್ಟಾಳಲ್ಲ. ಇದ್ರಾಗ ಸುಳ್ಳ ಏನಿಲ್ಲ ನೋಡ್ರಿ, ಎಲ್ಲಾ ಖರೇ. ಹೆಸರ ಬ್ಯಾಡ. ಆದ್ರ ಟೀಚರ ಆಗ್ಯಾಳ, ತೇರದಾಳ ಬಸ್ಸಿಗೆ ಹೋಗ್ತಾಳ ಅಂತ ಇರಲಿ. ಮಂದಿಗೆ ತಿಳಿಬೇಕು.’

ಪರಸಪ್ಪನ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಹನ್ನೆರಡು ಹಾಡು ಬರೆದವನಿಗೆ ಜೀವಮಾನದಲ್ಲಿ ಮೊದಲ ಬಾರಿ ನಿಜವಾದ ಭಗ್ನಪ್ರೇಮಿಯೊಬ್ಬ, ಊರು ಕೇರಿ ಸಮೇತ, ಮನೆಯ ಕಟ್ಟೆಗೇ ಬಂದು ಕೂತಿದ್ದ. ಅವನ ತೋರುಬೆರಳು ಆಗಲೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಈ ಸಲ ಹೊರಬಿದ್ದರೆ ಆ ಹುಡುಗಿಗೆ ಶಾಲೆಯೂ ಇಲ್ಲ, ಬಸ್ಸೂ ಇಲ್ಲ.

ಪರಸಪ್ಪ ಗಂಟಲು ಸರಿಮಾಡಿಕೊಂಡ. ಒಳಗೆ ಎರಡು ಮಗ್ಗಗಳೂ ನಡೆಯುತ್ತಿದ್ದವು.

‘ತಡಿ’ ಎಂದ. ‘ಮನ್ಯಾಗ ಕೇಳಿ ಹೇಳ್ತೀನಿ.’

ಎದ್ದು ಒಳಗೆ ಹೋದ. ಮಗ್ಗದ ಸದ್ದು ನಿಲ್ಲಲಿಲ್ಲ. ಆ ಸದ್ದಿನ ಮೇಲೆ ಸಾವಕ್ಕ ಏನೋ ಅಂದದ್ದು ಕೇಳಿತು, ಉದ್ದದ ಮಾತೇನಲ್ಲ. ಪರಸಪ್ಪ ಹೊರಗೆ ಬಂದು ಚಪ್ಪಲಿಯಲ್ಲಿ ಕಾಲು ತೂರಿಸಿದ, ಮತ್ತೆ ತೆಗೆದ, ಅಡಿವೆಪ್ಪನ ಮುಖ ನೋಡದೆ ಹೇಳಿದ.

‘ಆಗೂದಿಲ್ಲಂತ.’